ಸದ್ದಿಲ್ಲದ ಸಮುದ್ರ

ಸುಟ್ಟಗಾಯದ ವಾರ್ಡಿನಲ್ಲಿ ಅವಳಿಗೆ ‘ಡ್ರೆಸ್ಸಿಂಗ್ ಅಕ್ಕ’ ಎಂದೇ ಹೆಸರು. ಗಾಯಕ್ಕೆ ಅಂಟಿಕೊಂಡ ಹಳೆಯ ಪಟ್ಟಿಯನ್ನು ಬಿಡಿಸುವುದು ಅವಳ ಕೆಲಸ, ಬಿಡಿಸುವಷ್ಟು ಹೊತ್ತೂ ವಟವಟ ಎನ್ನುವುದು ಅವಳ ವಿದ್ಯೆ. ಗಂಡನ ಗೊರಕೆ, ನಾದಿನಿಯ ಬಿಂಕ, ಬಸ್ಸಿನಲ್ಲಿ ಕಂಡ ಜಗಳ, ಎಲ್ಲಕ್ಕೂ ಉಪ್ಪುಖಾರ ಹಚ್ಚಿ ಹೇಳುತ್ತಿದ್ದಳು. ರೋಗಿ ಬಾಯಿಬಿಟ್ಟುಕೊಂಡು ಕೇಳುತ್ತಿರುವಾಗಲೇ ಪಟ್ಟಿ ಕಿತ್ತುಬಂದುಬಿಡುತ್ತಿತ್ತು. ಮದುವೆಯಾಗದ ಹುಡುಗಿಯರಿಗಂತೂ ಒಂದೇ ಮಾತು: “ಬೇಗ ವಾಸಿಯಾಗು, ನಿನ್ನನ್ನೇ ನನ್ನ ಮಗನಿಗೆ ತಂದ್ಕೋತೀನಿ.”

ಬೇಕರಿಯಲ್ಲಿ ಒಲೆಯ ಗ್ಯಾಸ್ ಭಗ್ಗೆಂದು ಹತ್ತಿಕೊಂಡು, ದವಡೆಯ ಕೆಳಗಿನಿಂದ ಕುತ್ತಿಗೆ, ಎಡತೋಳು ಸುಟ್ಟುಕೊಂಡು ಬಂದ ಹುಡುಗಿಗೂ ಅದನ್ನೇ ಹೇಳಿದ್ದಳು. ಬೇಕರಿ ಹುಡುಗಿ ಸುಮ್ಮನಿರುವವಳಲ್ಲ. “ಬ್ರೆಡ್ಡಿಗೆ ಹಿಟ್ಟು ನಾದೋಕೆ ಬರುತ್ತಾ ನಿಮ್ಮ ಮಗನಿಗೆ? ಬರಲ್ಲ ಅಂದ್ರೆ ನಾನೊಲ್ಲೆ, ಅತ್ತೆ,” ಎಂದಳು. ಅಂದಿನಿಂದ ಇವಳು ಅತ್ತೆ, ಅವಳು ಸೊಸೆ. ವಾರ್ಡಿಗೆ ವಾರ್ಡೇ ನಗುತ್ತಿತ್ತು.

ಆಮೇಲೆ ಆ ಕನ್ನಡಕ ಬಂತು. ವರ್ಚುವಲ್ ರಿಯಾಲಿಟಿ ಅಂತೆ. ಅಕ್ಕನ ಮನೆಗೆ ಅದು ಹೊಸದೇನಲ್ಲ. ಗೋದಾಮಿನಲ್ಲಿ ಕ್ರೇನ್ ಓಡಿಸುವ ಗಂಡನಿಗೆ ಅದನ್ನೇ ಕಟ್ಟಿ ತರಬೇತಿ ಕೊಟ್ಟಿದ್ದರು. ಮೊದಲ ದಿನವೇ ಇಲ್ಲದ ಕ್ರೇನಿನಿಂದ ಇಲ್ಲದ ಗೋಡೆ ಕೆಡವಿ ಬಂದಿದ್ದ ಮಹಾರಾಯ. ನಾದಿನಿಯೋ, ಇನ್ನೂ ಪಾಯವನ್ನೇ ತೋಡದ ಫ್ಲ್ಯಾಟನ್ನು ಅದರೊಳಗೆ ಸುತ್ತಿ ನೋಡಿ, ಅಡುಗೆಮನೆ ಚಿಕ್ಕದಾಯಿತೆಂದು ಮೂಗು ಮುರಿದಿದ್ದಳು. ಈಗ ಅದೇ ಆಸ್ಪತ್ರೆಗೂ ಕಾಲಿಟ್ಟಿತು. ಕಟ್ಟಿಕೊಂಡರೆ ಕಣ್ಣೆದುರು ನೀಲಿ ಸಮುದ್ರ, ಹೆಡ್‌ಫೋನಿನಿಂದ ಕಿವಿ ತುಂಬ ಅಲೆಯ ಸದ್ದು. ಮೀನುಗಳ ಹಿಂದೆ ಮನಸ್ಸು ಹೋದರೆ ನೋವು ಅರ್ಧ ಮರೆಯುತ್ತದೆ ಎಂದರು ಡಾಕ್ಟರು. ನಿಜವೇ. ಕಿರುಚಾಟ ಕಮ್ಮಿಯಾಯಿತು.

ಆದರೆ ಅಕ್ಕನ ಬಾಯಿಗೆ ಕೆಲಸ ಹೋಯಿತು. ಸುಮ್ಮನಿದ್ದು ಅಭ್ಯಾಸವಿಲ್ಲದ ಬಾಯಿ. ರೋಗಿಗೆ ಹೇಗೂ ಕೇಳಿಸುವುದಿಲ್ಲವಲ್ಲ ಎಂದು, ತಟ್ಟೆ ಹಿಡಿದು ನಿಂತ ಆಯಾ ಜೊತೆ ರೋಗಿಯ ತಲೆಯ ಮೇಲಿಂದಲೇ ಮಾತು ಶುರುವಾಯಿತು. ಮೊದಲು ಸಂಬಳ, ರಜೆ. ಬರಬರುತ್ತ ಎದುರಿಗೆ ಮಲಗಿದವರದೇ ವಿಷಯ. ಯಾರ ಗಂಡ ನೋಡಲು ಬರಲಿಲ್ಲ, ಯಾರ ಕೈ ಇನ್ನು ನೆಟ್ಟಗಾಗುವುದಿಲ್ಲ. ಆಳು ಕಣ್ಣೆದುರಿಗಿದ್ದರೂ ಊರಲ್ಲಿಲ್ಲದವರ ಹಾಗೆ.

ಆ ದಿನ ಬೇಕರಿ ಹುಡುಗಿಯ ತೋಳಿಗೆ ಸಲೈನ್ ಹನಿಸುತ್ತಿದ್ದಾಗ ಆಯಾ ಕೇಳಿದಳು: “ಅಲ್ಲಕ್ಕಾ, ನಿಜವಾಗ್ಲೂ ಇವಳನ್ನ ಸೊಸೆ ಮಾಡ್ಕೋತೀರಾ?”

“ನಿನಗೆಲ್ಲೋ ತಲೆ ಕೆಟ್ಟಿದೆ,” ಅಕ್ಕ ಗಾಯದಿಂದ ಕಣ್ಣೆತ್ತಲಿಲ್ಲ. “ಅದೆಲ್ಲ ಬಾಯಿಮಾತು ಕಣೇ. ಈ ಕುತ್ತಿಗೆ ನೋಡಿದ್ಮೇಲೆ ಯಾರು ಮದುವೆ ಆಗ್ತಾರೆ? ದಿನಾ ಬೆಳಿಗ್ಗೆ ಎದ್ದು ನನ್ನ ಮಗ ಇದನ್ನ ನೋಡ್ಬೇಕಾ?”

ಹುಡುಗಿಯ ತೋಳು ಒಮ್ಮೆ ಬಿಗಿಯಾಯಿತು. ಉರಿಯಿರಬೇಕೆಂದು ಅಕ್ಕ ಇನ್ನಷ್ಟು ಸಲೈನ್ ಹನಿಸಿದಳು.

ಪಟ್ಟಿ ಕಟ್ಟಿ ಮುಗಿಸಿ ಕನ್ನಡಕ ಬಿಚ್ಚಿ, “ಹೇಗಿತ್ತಮ್ಮ ಸೊಸೆ, ಇವತ್ತಿನ ಸಮುದ್ರ?” ಎಂದಳು.

“ಮೀನು ಕಾಣ್ತಿತ್ತು. ಸದ್ದೇ ಬರ್ಲಿಲ್ಲ, ಸಿಸ್ಟರ್.”

ಸಿಸ್ಟರ್. ಅತ್ತೆ ಅನ್ನಲಿಲ್ಲ. ಆಯಾ ತಟ್ಟೆ ಎತ್ತಿಕೊಂಡು ಹೊರಗೆ ಜಾರಿದಳು. ಅಕ್ಕ ಹೆಡ್‌ಫೋನನ್ನು ತನ್ನ ಕಿವಿಗೆ ಹಿಡಿದಳು. ಗೊಟಕ್ ಅಂದಿದೆ, ಒಂದಲೆಯೂ ಇಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಏನಾದರೂ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಹುಡುಗಿ ಗೋಡೆಯತ್ತ ಹೊರಳಿ ಮಲಗಿದ್ದಳು.

ಮನೆಗೆ ಹೋದರೆ ಊಟ ಸೇರಲಿಲ್ಲ. “ಏನು, ಇವತ್ತು ರೇಡಿಯೋ ಬಂದ್?” ಎಂದು ಗಂಡ ಛೇಡಿಸಿದ. ಎದುರಿಗೆ ಮಗ ಕೂತು ಮೊಬೈಲು ನೋಡುತ್ತ ತುತ್ತು ನುಂಗುತ್ತಿದ್ದ. ನೆತ್ತಿಯ ಕೂದಲು ಆಗಲೇ ತೆಳುವಾಗಿತ್ತು, ಬಿಚ್ಚಿದ ಕಾಲುಚೀಲ ಬಾಗಿಲಲ್ಲೇ ಬಿದ್ದಿತ್ತು. ಇವನು ಯಾವ ಸೀಮೆಯ ರಾಜಕುಮಾರನೆಂದು ನಾನು ಹಾಗಂದೆ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಆ ಹುಡುಗಿಯನ್ನು ಈ ಮನೆಯ ಹೊಸ್ತಿಲಲ್ಲಿ ನಿಲ್ಲಿಸಿಕೊಂಡು ನೋಡಿದರೆ, ಮನಸ್ಸು ಒಪ್ಪಲಿಲ್ಲ. ಹಾಗೆ ಒಪ್ಪದ್ದು ಕಂಡು ಇನ್ನಷ್ಟು ನಾಚಿಕೆಯಾಗಿ, ಕೈತೊಳೆದು ಎದ್ದಳು.

ಮರುಸಲ ಪಟ್ಟಿ ಬಿಚ್ಚುವ ಹೊತ್ತಿಗೆ ಕನ್ನಡಕ ರಿಪೇರಿಯಾಗಿ ಬಂದಿತ್ತು. ಅಕ್ಕ ಮೊದಲು ತಾನೇ ಹಾಕಿಕೊಂಡು, ಅಲೆಯ ಸದ್ದು ಕೇಳಿ, ಆಮೇಲೆ ಹುಡುಗಿಯ ಮುಂದೆ ಹಿಡಿದಳು.

“ಬೇಡ ಸಿಸ್ಟರ್.”

“ಸದ್ದು ಬರ್ತಿದೆ ಕಣಮ್ಮ, ನಾನೇ ನೋಡಿದೀನಿ. ಅದಿಲ್ಲದೆ ಜೀವ ಹೋದಂಗಾಗುತ್ತೆ.”

“ಆಗ್ಲಿ. ಅದನ್ನ ಹಾಕ್ಕೊಂಡ್ರೆ ನೀವೇನಂತೀರೋ ಅಂತ ಕಿವಿ ನಿಮ್ಮ ಕಡೆಗೇ ಇರುತ್ತೆ.”

ಅಕ್ಕ ಕನ್ನಡಕವನ್ನು ಸ್ಟ್ಯಾಂಡಿಗೆ ನೇತುಹಾಕಿದಳು. ಇಷ್ಟು ವರ್ಷ ಮಾತಿನಿಂದಲೇ ಜನರ ನೋವು ಮರೆಸಿದವಳು ತಾನು. ಈಗ ತನ್ನ ಮಾತಿಗೆ ಹೆದರಿ ಈ ಮಗು ನೋವನ್ನೇ ಆರಿಸಿಕೊಳ್ಳುತ್ತಿದೆ. “ತಪ್ಪಾಯ್ತಮ್ಮ,” ಎಂದಳು.

“ಮೊನ್ನೆ ನೀವು ಅಂದಿದ್ದು ಅದಲ್ಲ. ಅಂದಿದ್ದನ್ನ ನನ್ನ ಮುಖ ನೋಡ್ಕೊಂಡು ಹೇಳಿ.”

ಹಾಗಲ್ಲಮ್ಮ, ತಮಾಷೆಗೆ ಅಂದೆ, ನೀನೇ ನನ್ನ ಸೊಸೆ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹುಡುಗಿಯ ಕಣ್ಣು ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿತ್ತು.

“ಮಾಡ್ಕೋತಿರ್ಲಿಲ್ಲಮ್ಮ,” ಎಂದಳು ಅಕ್ಕ. “ಅಷ್ಟು ದೊಡ್ಡ ಮನಸ್ಸು ನನಗಿಲ್ಲ.”

ಹುಡುಗಿ ಮಂಚದ ಕಂಬಿಯನ್ನು ಬಲಗೈಯಲ್ಲಿ ಬಿಗಿಹಿಡಿದು, ಎಡತೋಳನ್ನು ಮುಂದೆ ಚಾಚಿದಳು. “ಈಗ ತೆಗೀರಿ.”

ಕನ್ನಡಕ ಸ್ಟ್ಯಾಂಡಿನಲ್ಲಿ ನೇತಾಡುತ್ತಿತ್ತು. ಹೆಡ್‌ಫೋನಿನಿಂದ ಅಲೆಯ ಸದ್ದು ಸಣ್ಣಗೆ ಸೋರುತ್ತಿತ್ತು. ಅಕ್ಕ ಎಳೆಎಳೆಯಾಗಿ ಬಿಡಿಸಿದಳು. ಪ್ರತಿ ಎಳೆಗೂ ಹುಡುಗಿಯ ಹಲ್ಲು ಕಚ್ಚಿಕೊಳ್ಳುವುದು ಕಾಣುತ್ತಿತ್ತು. ಅವಳು ಕೂಗಲಿಲ್ಲ. ಅಕ್ಕನಿಗೆ ಹೇಳಲು ಒಂದು ಕಥೆಯೂ ಹೊಳೆಯಲಿಲ್ಲ.

“ಮುಗೀತಾ, ಸಿಸ್ಟರ್?”

“ಮುಗೀತಮ್ಮ.”

ವಾಸಿಯಾಗಿ ಮನೆಗೆ ಹೋಗುವವರೆಗೂ ಹುಡುಗಿ ಹಾಗೇ ಕರೆದಳು. ಮರ್ಯಾದೆಯ ಮಾತೇ ಅದು, ಹೊಸದಾಗಿ ಬಂದವರೆಲ್ಲ ಹಾಗೇ ಕರೆಯುತ್ತಾರೆ. ಈಗಲೂ ಯಾರಾದರೂ ಸಿಸ್ಟರ್ ಎಂದು ಕೂಗಿದರೆ ಅಕ್ಕ ತಲೆ ತಗ್ಗಿಸಿಕೊಂಡೇ ಹೋಗಿ ನಿಲ್ಲುತ್ತಾಳೆ.