ಗಿಫ್ಟು ಕೇಳಲು ಬಂದವರು

ಭಿಕ್ಷೆ ಬೇಡುವವನಿಗೂ ಒಂದು ನಿಯತ್ತಿರುತ್ತದೆ. ಕೈ ಚಾಚಿ ಭಿಕ್ಷೆ ಎಂದೇ ಕೇಳುತ್ತಾನೆ. ಪಿರಿಯಾಪಟ್ಟಣದಿಂದ ನನ್ನ ಒಪ್ಪುವೀಳ್ಯಕ್ಕೆ ಬಂದವರಿಗೆ ಅಷ್ಟೂ ಇರಲಿಲ್ಲ.

ನಮ್ಮ ಮಿರ್ಲೆ ಕಡೆ ಎರಡು ಮನೆಯವರು ಎಲೆ ಅಡಿಕೆಯ ತಟ್ಟೆ ಬದಲಾಯಿಸಿಕೊಂಡರೆ ಮದುವೆ ಗೊತ್ತಾದಂತೆ. ತಟ್ಟೆ ಕೈಗೆತ್ತಿಕೊಂಡಿದ್ದ ಹುಡುಗನ ದೊಡ್ಡಪ್ಪ ಅದನ್ನು ಮತ್ತೆ ಚಾಪೆಯ ಮೇಲಿಟ್ಟರು.

"ನಾವು ವರದಕ್ಷಿಣೆ ಗಿರದಕ್ಷಿಣೆ ಕೇಳೋ ಜನ ಅಲ್ಲ ಕಣ್ರೀ. ಮಗ್ಳಿಗೆ ಅಂತ ನೀವೇ ಏನಾದ್ರೂ ಗಿಫ್ಟು ಕೊಟ್ರೆ ಬ್ಯಾಡ ಅನ್ನಕ್ಕಾಯ್ತದಾ? ಈಗ ಎಲ್ರೂ ಒಂದು ಕಾರು ಕೊಡ್ತಾವ್ರೆ."

ಅಪ್ಪ ಆಗಲಿ ಎಂದು ತಲೆಯಾಡಿಸಿಬಿಟ್ಟರು. ಕಾರು ಬರಬೇಕೆಂದರೆ ನಾಲೆ ಕೆಳಗಿನ ಗದ್ದೆ ಹೋಗಬೇಕು. ನಮಗಿದ್ದ ನೀರಾವರಿ ಅದೊಂದೇ, ನಾನು ಎಂ.ಎ. ಮುಗಿಸಿದ್ದು ಅದರ ಭತ್ತದಲ್ಲಿ.

ಗಿಫ್ಟು! ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇಂಗ್ಲಿಷನ್ನು ಯಾರೂ ನನಗೆ ತೊಟ್ಟಿಲಲ್ಲಿ ಹಾಕಿ ತೂಗಿ ಕಲಿಸಲಿಲ್ಲ. ಹಾಸ್ಟೆಲಿನಲ್ಲಿ ನಿಘಂಟು ಹಿಡಿದು, ಒಂದೊಂದು ಪದವನ್ನೂ ಬೇರುಸಮೇತ ಕಿತ್ತು ನೋಡಿ ಕಲಿತದ್ದು. ಹಳೆಯ ಇಂಗ್ಲಿಷಿನಲ್ಲಿ ಗಿಫ್ಟ್ ಎಂದರೆ ಹೆಣ್ಣಿಗಾಗಿ ಗಂಡಿನ ಕಡೆಯವರು ತೆರುತ್ತಿದ್ದ ಬೆಲೆ. ಜರ್ಮನ್ನರಲ್ಲಿ ಅದೇ ಪದ ಮೊದಲು ಕುಡಿಯಲು ಕೊಟ್ಟ ಮದ್ದಾಯಿತು, ಆಮೇಲೆ ವಿಷವೇ ಆಯಿತು. ಪ್ರೆಸೆಂಟ್ ಎಂದರೆ ಎದುರಿಗೆ ತಂದಿಡುವುದು. ಡೊನೇಷನ್ ನಮ್ಮ ದಾನದ ದಾಯಾದಿ; ಕೆಲಸ ಕೊಡಲು ನನ್ನಿಂದಲೇ ಡೊನೇಷನ್ ಕೇಳಿದ ಕಾಲೇಜಿನವರಿಗೆ ಇದನ್ನು ಹೇಳಿದ್ದರೂ ನಾಚಿಕೆಯಾಗುತ್ತಿರಲಿಲ್ಲ. ಡೌರಿಯೂ ಅದೇ ಬೇರಿನದು. ಪಾಪ, ಪದಗಳದೇನು ತಪ್ಪು? ಹೇಸಿಗೆಗೆ ಹೊದಿಸಲು ಇವರಿಗೊಂದು ಇಸ್ತ್ರಿ ಮಾಡಿದ ಬಟ್ಟೆ ಬೇಕು, ಇಂಗ್ಲಿಷ್ ಸಿಕ್ಕಿತು, ಅಷ್ಟೆ.

ನಮ್ಮಲ್ಲೂ ಹಿಂದೆ ತೆರ ಇತ್ತು. ಗಂಡಿನ ಮನೆಯವರು ಹೆಣ್ಣಿನ ಮನೆಗೆ ತೆತ್ತು ಮದುವೆ ಮಾಡಿಕೊಳ್ಳುತ್ತಿದ್ದರು. ಅದೇನು ಒಳ್ಳೆಯ ಪದ್ಧತಿಯಲ್ಲ, ಸಂತೆಯಲ್ಲಿ ದನ ಹಿಡಿದಂತೆ. ಆದರೆ ಅದಕ್ಕೆ ಯಾರೂ ಬೇರೆ ಹೆಸರಿಡಲಿಲ್ಲ.

ನಾನು ಒಳಗಿನಿಂದ ಬಂದು ತಟ್ಟೆಯ ಮುಂದೆ ಕೂತೆ.

"ಗಿಫ್ಟು ಕೊಡಬೇಕಾದೋರು ನೀವು. ಇಂಗ್ಲಿಷ್‌ನೋರು ತೆರಕ್ಕೇ ಆ ಹೆಸರು ಇಟ್ಟಿದ್ರು. ನಮ್ಮಜ್ಜೀಗೂ ತೆರ ಕೊಟ್ಟೇ ಮಾಡ್ಕಂಡಿದ್ದು. ಎಲ್ಲಿ, ತಟ್ಟೇಲಿ ಇಡಿ."

ದೊಡ್ಡಪ್ಪನ ಮುಖ ಕೆಂಪಾಯಿತು. "ಏನವ್ವ, ಹೆಣ್ಣ ಕೊಂಡ್ಕೊಂಡು ಹೋಗಕ್ ಬಂದಿದ್ದೀವಾ ನಾವು?"

"ಗಂಡು ಮಾರಕ್ ಬಂದಿದ್ದೀರಲ್ಲ, ಅದು ಪರವಾಗಿಲ್ವಾ?"

ಮೂಲೆಯಲ್ಲಿ ಕೂತಿದ್ದ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. "ನಿಮ್ಮವ್ವಂಗೂ ತೆರ ಕೊಟ್ಟೇ ಇರ್ತಾರೆ ಕಣಪ್ಪ. ಮನೆಗೋಗಿ ಕೇಳ್ನೋಡು."

ಹುಡುಗ ಎಂಜಿನಿಯರು. ಇಷ್ಟು ಹೊತ್ತೂ ಫೋನಿನಿಂದ ತಲೆ ಎತ್ತಿರಲಿಲ್ಲ, ಮಾರಾಟಕ್ಕಿರುವುದು ಪಕ್ಕದ ಮನೆಯವನೇನೋ ಎಂಬಂತೆ. ಎಲ್ಲರೂ ಎದ್ದಾಗ ಅವನೂ ಎದ್ದ. ಮಾಡಿಟ್ಟ ಊಟ ಮಾಡದೆ ಹೋದರು. ಹೋಗುವಾಗ ಅವರ ಕಡೆಯ ಹೆಂಗಸೊಬ್ಬರು, "ಓದ್ಸಿದ್ದು ಜಾಸ್ತಿ ಆಯ್ತು" ಎಂದರು. ಹೌದು, ನಿಮ್ಮ ಹುಡುಗನಿಗೆ ಓದಿಸಿದ್ದು ಸಾಲದಾಯಿತು ಎನ್ನಬೇಕೆಂದುಕೊಂಡೆ, ಅವ್ವ ಕೈ ಹಿಸುಕಿದಳು.

ಅಪ್ಪ ಕೂಗಾಡಿದರು. "ಗದ್ದೆ ನಂದು, ಮಾರ್ತೀನೋ ಬುಡ್ತೀನೋ. ನಿನ್ನ ಯಾರು ಕೇಳಿದ್ರು?" ನಾನು ಜಗ್ಗಲಿಲ್ಲ. ಗದ್ದೆ ಮಾರಿ ಕೊಂಡ ಗಂಡನ ಜೊತೆ ನಾನು ಬಾಳುವುದಿಲ್ಲ ಎಂದೆ.

ಮಳೆಗಾಲ ಶುರುವಾದ ಮೇಲೆ ಸಂಬಂಧ ತಂದಿದ್ದ ಬ್ರೋಕರ್ ಅಪ್ಪನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು.

"ಅಣ್ಣ, ಅವ್ರು ಮನಸ್ಸು ಮಾಡವ್ರೆ. ಕಾರು ಬ್ಯಾಡ್ವಂತೆ. ಬೈಕಾದ್ರೂ ಸಾಕಂತೆ, ಅದೂ ನಿಮ್ಮಿಷ್ಟ, ಗಿಫ್ಟಾಗಿ."

ಅಷ್ಟು ದೊಡ್ಡ ಮನೆತನದ ಮರ್ಯಾದೆ ನಾಲ್ಕು ಚಕ್ರದಿಂದ ಎರಡಕ್ಕೆ ಇಳಿದಿತ್ತು! ಅಪ್ಪ ನನ್ನ ಮುಖ ನೋಡಲಿಲ್ಲ. ಪಂಚೆ ಎತ್ತಿ ಕಟ್ಟುತ್ತಾ, "ನಾಟಿ ಐತೆ ಕಣಪ್ಪ, ಆಳುಗಳು ಗದ್ದೆತಾವ ಕಾಯ್ತಾವ್ರೆ. ಇದೆಲ್ಲ ಮಾತಾಡಕ್ಕೆ ಪುರುಸೊತ್ತಿಲ್ಲ" ಎಂದು ಫೋನ್ ಇಟ್ಟರು.