ಚೀಲ ತೂಗುವ ಕಾಟಾ

ಅಜ್ಜಂಪುರದ ಒಂದು ಈರುಳ್ಳಿ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಹೊಸದಾಗಿ ಬಂದ ಮ್ಯಾನೇಜರರು ಯಾವುದೋ ತರಬೇತಿ ಮುಗಿಸಿಕೊಂಡು ಬಂದವರೇ ನಮ್ಮೆಲ್ಲರ ಆರೋಗ್ಯ ಸುಧಾರಿಸಲು ಪಣ ತೊಟ್ಟರು. ಹನ್ನೊಂದು ಗಂಟೆಯ ಬೋಂಡಾ ನಿಂತಿತು, ಅದರ ಜಾಗಕ್ಕೆ ಮೊಳಕೆ ಹೆಸರುಕಾಳು ಬಂತು. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ರೈಲ್ವೆ ಸ್ಟೇಷನ್ನಿನವರೆಗೆ ನಡೆದು ಬರಬೇಕು. ಬೋಂಡಾ ಹೋದದ್ದಕ್ಕೆ ಹೊಟ್ಟೆ ಉರಿಯಿತೇ ಹೊರತು, ಇಷ್ಟಕ್ಕೆ ನನ್ನ ತಕರಾರೇನೂ ಇರಲಿಲ್ಲ.

ತಕರಾರು ಇದ್ದದ್ದು ಸೋಮವಾರದ ತೂಕಕ್ಕೆ. ಗೋದಾಮಿನಲ್ಲಿ ಈರುಳ್ಳಿ ಚೀಲ ತೂಗುವ ಕಾಟಾದ ಮೇಲೆ ಒಬ್ಬೊಬ್ಬರೇ ಹತ್ತಿ ನಿಲ್ಲಬೇಕಿತ್ತು. ರೈತರಿಗೆ ಅನುಮಾನ ಬಾರದಿರಲೆಂದು ತೂಕವನ್ನು ಗಟ್ಟಿಯಾಗಿ ಕೂಗುವುದು ಮಂಡಿಯ ಪದ್ಧತಿ. ತೂಗುವವನು ನನ್ನ ತೂಕವನ್ನೂ ರಸ್ತೆಗೆ ಕೇಳುವಂತೆ ಕೂಗಿದ. ಕೂಗಿದವನು ಅದೇ ಅಭ್ಯಾಸದಲ್ಲಿ, "ಚೀಲದ ತೂಕ ಕಳೀಬೇಕಾ ಸಾರ್?" ಎಂದು ಮ್ಯಾನೇಜರರನ್ನು ಕೇಳಿಬಿಟ್ಟ. ಬೇಕೆಂದು ಕೇಳಿದ್ದಲ್ಲ, ಪಾಪ. ಆದರೆ ಇಡೀ ಗೋದಾಮು ನಕ್ಕಿತು. ಮ್ಯಾನೇಜರರು ಕಣ್ಣೊರೆಸಿಕೊಂಡು ನಕ್ಕರು. ಆ ನಗು ನನಗೆ ಇವತ್ತಿಗೂ ಮೈ ಉರಿಸುತ್ತದೆ.

ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಪಕ್ಕದ ಮೇಜಿನವನು. ಚೌಳಹಿರಿಯೂರು ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ನನಗಿಂತ ದಪ್ಪ. ಹಮಾಲರು ವರ್ಷಗಟ್ಟಲೆ ಅವನನ್ನು ಮೂಟೆ ಎಂದೇ ಕರೆದಿದ್ದರು. ಆ ದಿನ ಮಾತ್ರ ಮೂಟೆ ಬೇರೆಯವರಾಗಿದ್ದರು, ಅವನ ಖುಷಿ ಅದಕ್ಕೇ.

ಆಮೇಲೆ ಅವನು ಇಳಿಯತೊಡಗಿದ. ಸೋಮವಾರದಿಂದ ಸೋಮವಾರಕ್ಕೆ ತೂಕ ಇಳಿಯಿತು, ಮ್ಯಾನೇಜರರು ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿದರು. ಹಮಾಲರು ಅವನನ್ನು ಹೀರೋ ಎಂದರು. ಕಾಟಾದ ಮೇಲೆ ಅವನು ಮದುಮಗನಂತೆ ನಿಲ್ಲುತ್ತಿದ್ದ. ಪಕ್ಕದಲ್ಲೇ ಕೂತಿದ್ದ ನನಗೆ ಮಾತ್ರ ಬೇರೆಯೇ ಕಾಣುತ್ತಿತ್ತು. ತನ್ನ ಬಾಟಲಿಯ ನೀರು ಮುಗಿಸಿ ನನ್ನದಕ್ಕೂ ಕೈ ಹಾಕುತ್ತಿದ್ದ. ಘಳಿಗೆಗೊಮ್ಮೆ ಹಿತ್ತಲ ಕಡೆ ಎದ್ದು ಹೋಗುತ್ತಿದ್ದ.

"ಲೇ ತಮ್ಮಾ, ರಕ್ತ ಪರೀಕ್ಷೆ ಮಾಡಿಸ್ಕೊಳೋ. ಸಕ್ಕರೆ ಕಾಯ್ಲೆ ಶುರುವಾದಾಗ ನಮ್ಮಮ್ಮಂಗೂ ಹಿಂಗೇ ಆಗಿತ್ತು. ಸುಮ್ನೆ ಬಿಟ್ರೆ ಜೀವಕ್ಕೇ ಬತ್ತದೆ ಕಣೋ" ಎಂದೆ.

"ನೀವು ಇಳೀಲಿಲ್ಲ ಅಂತ ಹೊಟ್ಟೆಕಿಚ್ಚೇನಕ್ಕಾ?" ಎಂದು ನಕ್ಕ.

ಮ್ಯಾನೇಜರರಿಗೂ ಹೇಳಿದೆ. ಅವರು ಎಲ್ಲರೆದುರಿಗೇ, "ಮೇಡಂ, ಇಳಿದೋರನ್ನ ನೋಡಿ ಕಲೀರಿ. ಅಡ್ಡಗಾಲು ಹಾಕ್ಬೇಡಿ" ಎಂದರು. ಮತ್ತೆ ನಗು. ನನ್ನಂಥ ದಪ್ಪಗಿನ ಹೆಂಗಸು ಆರೋಗ್ಯದ ಮಾತಾಡಿದರೆ ಯಾರು ಕೇಳುತ್ತಾರೆ? ಆದರೂ ಮತ್ತೆ ಮತ್ತೆ ಹೇಳಿದೆ. ಅವನು ನನ್ನ ಜೊತೆ ಮಾತು ಬಿಟ್ಟ.

ಅವನಿಗೆ ಹಾರ ಹಾಕಿ ನಡಿಗೆಯ ಬೂಟು ಬಹುಮಾನ ಕೊಟ್ಟರು. ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಬಂದಿದ್ದ, ಆದರೂ ಪ್ಯಾಂಟು ನಿಲ್ಲುತ್ತಿರಲಿಲ್ಲ. ಆ ವಾರವೇ ಒಂದು ಮಧ್ಯಾಹ್ನ ಸ್ಟೇಷನ್ನಿನಿಂದ ಹಿಂದಿರುಗುವಾಗ ದಾರಿಯಲ್ಲೇ ವಾಂತಿ ಮಾಡಿಕೊಂಡು ಕೂತುಬಿಟ್ಟ.

"ಆಟೋ ಕರೀರಿ" ಎಂದು ನಾನು ಕೂಗಿದೆ.

"ಹೀರೋನೇ ಕೂತ್ರೆ ಹೆಂಗಪ್ಪಾ? ಏಳಿ ಏಳಿ, ಮಂಡಿ ಇಲ್ಲೇ ಇದೆ" ಎಂದರು ಮ್ಯಾನೇಜರರು.

ಎದ್ದ. ಹೊಸ ಬೂಟಿನಲ್ಲಿ ಸ್ವಲ್ಪ ದೂರ ನಡೆದ. ಆಮೇಲೆ ಬಿದ್ದ.

ತರೀಕೆರೆಯ ಆಸ್ಪತ್ರೆಯಲ್ಲಿ ಸಕ್ಕರೆ ಮಿತಿ ಮೀರಿದೆ ಎಂದು ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಎಚ್ಚರ ಬಂದಿತ್ತಂತೆ, ಉಳಿಯುತ್ತಾನೆ ಎಂದೂ ಅಂದುಕೊಂಡಿದ್ದರಂತೆ. ಉಳಿಯಲಿಲ್ಲ.

ಮಣ್ಣಾದ ಮೇಲೆ ಮಂಡಿಯವರೆಲ್ಲ ಅವನ ಮನೆಗೆ ಹೋದೆವು. ಮ್ಯಾನೇಜರರು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತರು. ನನಗೆ ಅವರ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟಿತ್ತು. ಅವನ ಹೆಂಡತಿಗೆ ಸಿಟ್ಟು ಇದ್ದಂತೆ ಕಾಣಲಿಲ್ಲ. ಎದ್ದು ಬಂದು, ಒಪ್ಪಿಕೊಂಡ ಕೆಲಸ ಮುಗಿಸುವವಳ ಹಾಗೆ ಅವರಿಗೆ ಹೇಳಿದಳು:

"ಆಸ್ಪತ್ರೇಲಿ ತೂಕ ನೋಡಿದ್ರು ಸಾರ್. ಇನ್ನೂ ಇಳಿದೀನಿ, ಸಾಹೇಬ್ರಿಗೆ ಫೋನ್ ಮಾಡಿ ಹೇಳು ಅಂದ್ರು ನಮ್ಮನೆಯೋರು. ನಂಗೆ ಆಗ ಮಾಡಕ್ಕಾಗ್ಲಿಲ್ಲ."