ಬಿಟ್ಟುಹೋದ ಸರಿಸಂಖ್ಯೆಗಳು

ಬಾಗಲಕೋಟೆಯ ಒಂದು ಛಾಪಖಾನೆಯಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಸಾಲೆಯ ಮುಖ ಕಂಡವಳಲ್ಲ. ಓದು ಕಲಿತದ್ದು ಆ ಮೊಳೆಗಳಿಂದಲೇ, ಅದೂ ತಿರುವುಮುರುವಾಗಿ.

ಎಂಬತ್ತರ ದಶಕದ ಕೊನೆಗೆ ಕಾಲೇಜಿನ ಅಧ್ಯಾಪಕರೊಬ್ಬರು ತಮ್ಮ ಉಪನ್ಯಾಸವನ್ನು ಅಚ್ಚಿಗೆ ತಂದರು. ಬಲವಾದ, ಅತಿ ಗಿಡ್ಡ ಲೇಸರ್ ಮಿಡಿತವನ್ನು ಅನಿಲದೊಳಗೆ ಹಾಯಿಸಿದರೆ ಮೂರು, ಐದು, ಏಳು, ಒಂಬತ್ತು ಪಟ್ಟು ವೇಗವಾಗಿ ಕಂಪಿಸುವ ಹೊಸ ಬೆಳಕು ಹುಟ್ಟುತ್ತದೆ ಎಂದು ಬರೆದಿದ್ದರು. ನಾಲ್ಕು, ಆರು, ಎಂಟು ಬಿಟ್ಟುಹೋಗಿವೆ ಎಂದುಕೊಂಡು ನಾನೇ ಸೇರಿಸಿದೆ.

ಪ್ರೂಫ್ ನೋಡಿ ಅವರು ಕೆಂಪಾದರು. "ಇದನ್ನ ಸೇರಿಸ್ದವ್ರು ಯಾರ್ರೀ? ನಾಳೆ ಮಂದಿ ಕೈಗೆ ಹೋಗೂದೈತಿ. ನನ್ನ ಮಾನ ಹೋಗತಿತ್ತು!"

"ನಾನ ಸೇರಿಸೇನ್ರಿ ಸರ. ನೀವು ಮರತೀರಿ ಅನ್ಕೊಂಡೆ."

"ಮರತಿಲ್ರಿ ಅಕ್ಕಾರ, ಅವು ಹುಟ್ಟೂದ ಇಲ್ಲ. ಲೇಸರ್ ಬೆಳಕು ಅನಿಲದಾಗಿನ ಎಲೆಕ್ಟ್ರಾನನ್ನ ಎಡಕ್ಕ ಎಳದಷ್ಟ ಬಲಕ್ಕೂ ಎಳೀತದ. ಎರಡೂ ಕಡೆ ಹುಟ್ಟಿದ ಹೊಸ ಬೆಳಕು ಕೂಡಿದಾಗ ಸರಿಸಂಖ್ಯೆವು ಅಳಿಸಿಹೋಗ್ತಾವ."

"ಹಂಗಾರ ಆ ಮಾತು ಬರೀಬೇಕಿತ್ತಲ್ರಿ? ಓದಿದವ್ರು ಮೊಳಿ ಜೋಡಿಸಿದಾಕಿ ತಪ್ಪಂತಾರ. ಇಷ್ಟು ವರ್ಷ ನನ್ನ ಕೈಯಾಗ ಒಂದೂ ಅಂಕಿ ಬಿಟ್ಟಿಲ್ಲ. ನೀವು ಬರದು ಕೊಡೂತನಕ ಈ ಪುಟಕ್ಕ ಮಶಿ ಹತ್ತಂಗಿಲ್ಲ."

"ಭಾಳ ಹಟಮಾರಿ ಇದ್ದೀರಿ" ಎಂದು ಗೊಣಗುತ್ತ ನಿಂತಲ್ಲೇ ಒಂದು ಸಾಲು ಬರೆದುಕೊಟ್ಟರು.

ಆ ಪುಸ್ತಿಕೆಯಲ್ಲಿ ನನಗೆ ಪೂರ್ತಿ ತಿಳಿದದ್ದು ಆ ಒಂದೇ ಸಾಲು. ಅದನ್ನು ಬರೆಸಿದವಳು ನಾನೆಂಬುದೂ ಅಚ್ಚಾಗಲಿ ಎಂದು ಮಾತ್ರ ಹಟ ಹಿಡಿಯಲಿಲ್ಲ.